ಬಾಗಿಲಿಲ್ಲದ ಕಾರು, ಬಗ್ಗದ ನಾನು

ಬೇರೆಯವರ ಕಾರು ಪೆಟ್ರೋಲು ಹಾಕಿದರೆ ಓಡುತ್ತದೆ. ನನ್ನದಕ್ಕೆ ಜೊತೆಗೊಂದು ಜಗಳವೂ ಬೇಕು. ಎಲ್ಲಿಗೆ ಹೋದರೂ ಯಾರಾದರೂ ಒಬ್ಬರು ಹಾಕಿಯೇ ಕಳಿಸುತ್ತಾರೆ.

ಅಕ್ಕನ ಮನೆ ಮುಂದೆ

ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು ನಾನು. ಅಕ್ಕ ಗ್ರೀನ್ ಕಾರ್ಡ್ ಮಾಡಿಸಿ ಅಮೆರಿಕಕ್ಕೆ ಕರೆಸಿಕೊಂಡಳು. ಟ್ರಕ್ ಓಡಿಸುತ್ತ ಊರೂರು ಅಲೆಯುತ್ತೇನೆ. ಕೋವಿಡ್ ತಣ್ಣಗಾದ ಮೇಲೆ ಸೌತ್ ಕ್ಯಾರೊಲಿನಾದ ಒಂದು ಹಳೇ ಶೆಡ್ಡಿನಲ್ಲಿ ಈ ಕಾರು ಕಣ್ಣಿಗೆ ಬಿತ್ತು. ಎಪ್ಪತ್ತರ ದಶಕದ ಆಸ್ಟ್ರೇಲಿಯದ ಕೂಸು. ಮೈಯೆಲ್ಲ ಫೈಬರ್‌ಗ್ಲಾಸ್. ಆಗ ಬಿಡಿಭಾಗಗಳನ್ನಷ್ಟೇ ಮಾರುತ್ತಿದ್ದರಂತೆ. ಕೊಂಡವನು ಯಾವುದೋ ಸಣ್ಣ ಕಾರಿನ ಎಂಜಿನ್ ತಂದು, ಮನೆಯಲ್ಲೇ ಕೂತು ಜೋಡಿಸಿಕೊಳ್ಳಬೇಕು. ಮಾಡಿದ್ದೇ ಕಮ್ಮಿ, ಉಳಿದಿರುವುದು ಇನ್ನೂ ಕಮ್ಮಿ. ಸ್ಟೀರಿಂಗ್ ನಮ್ಮೂರಿನ ಹಾಗೆ ಬಲಕ್ಕೆ. ಬಾಗಿಲೇ ಇಲ್ಲ; ಗುಂಡಿ ಒತ್ತಿದರೆ ಇಡೀ ಚಾವಣಿ ಪೆಟ್ಟಿಗೆಯ ಮುಚ್ಚಳದಂತೆ ಮೇಲೇಳುತ್ತದೆ.

ಕೊಂಡು, ವರ್ಜೀನಿಯಾದ ಆಲ್ಡಿ ಅನ್ನೋ ಊರಿನ ಅಕ್ಕನ ಮನೆ ಮುಂದೆ ತಂದು ನಿಲ್ಲಿಸಿದೆ. ಮಾರನೇ ದಿನವೇ ಕಾಲೊನಿ ಸಂಘದ ಅಧ್ಯಕ್ಷರು ಬಂದರು. ಬೆಂಗಳೂರಿನವರು, ಐಟಿ ಮ್ಯಾನೇಜರು.

"ಓಡದ ಗಾಡಿ ಇಲ್ಲಿ ನಿಲ್ಲಿಸೋ ಹಾಗಿಲ್ಲ. ರೂಲ್ಸ್. ಟೋ ಮಾಡಿಸ್ತೀವಿ."

"ಓಡುತ್ತೆ ಸಾರ್."

"ನೋಡಿದ್ರೆ ಹಾಗನ್ಸಲ್ಲ."

"ನಿಮ್ಮನ್ನ ನೋಡಿದ್ರೂ ಅನ್ಸಲ್ಲ ಸಾರ್. ಆದ್ರೂ ದಿನಾ ಬೆಳಿಗ್ಗೆ ಓಡ್ತೀರಲ್ಲ."

ಅವರು ಹೋದ ಮೇಲೆ ಅಕ್ಕ ಹೇಳಿದಳು: "ಲೋ, ಅದು ಓಡುತ್ತೆ ಅಂತ ಅವರ ಬಾಯಲ್ಲೇ ಹೇಳಿಸು. ಇಲ್ಲಾಂದ್ರೆ ಅದನ್ನೂ ಕಳಿಸ್ತೀನಿ, ಹಿಂದೆ ನಿನ್ನನ್ನೂ."

ಅಲ್ಫರೆಟಾ

ಓಡುತ್ತದೆ ಅಂತ ತೋರಿಸಲೆಂದೇ ಅಟ್ಲಾಂಟಾ ಕಡೆ ಗೆಳೆಯನ ಮನೆ ಗೃಹಪ್ರವೇಶಕ್ಕೆ ಅದರಲ್ಲೇ ಹೋದೆ. ಅಲ್ಲೊಬ್ಬ ಇಂಜಿನಿಯರ್ ಅಂಕಲ್ ಬಾನೆಟ್ ಮೇಲೆ ಟಕಟಕ ಬಡಿದರು. "ನಮ್ಮನೆ ತಾರಸಿ ಮೇಲಿರೋ ನೀರಿನ ಟ್ಯಾಂಕೂ ಇದೇ ಥರ ಸೌಂಡ್ ಮಾಡುತ್ತೆ. ಏನ್ರಿ ಓದಿದೀರಿ?"

"ಎಂಟನೇ ಕ್ಲಾಸು."

"ಅದಕ್ಕೇ."

"ಹೌದು ಅಂಕಲ್. ಇನ್ನೆರಡು ಕ್ಲಾಸ್ ಓದಿದ್ರೆ ನಾನೂ ನಿಮ್ಮ ಥರ ಬಿಳೀ ಮಿನಿವ್ಯಾನೇ ತಗೋತಿದ್ದೆ."

ಹರ್ನ್‌ಡನ್ನಿನ ಕಾಫಿ

ಅಕ್ಕನ ಮನೆ ಹತ್ತಿರದ ಈ ಊರಲ್ಲಿ ಅಂಗಡಿ ಕಿಟಕಿ ಪಕ್ಕ ನಿಲ್ಲಿಸಿ, ಕಾರಲ್ಲಿ ಕೂತೇ ಕಾಫಿ ತಗೋಬಹುದು, ಸ್ಟೀರಿಂಗ್ ಎಡಕ್ಕಿದ್ದರೆ. ಕಿಟಕಿಯ ಹುಡುಗಿ ನನ್ನ ಖಾಲಿ ಎಡಸೀಟಿಗೆ ಗುಡ್ ಮಾರ್ನಿಂಗ್ ಹೇಳಿ ಉತ್ತರಕ್ಕೆ ಕಾದಳು. ನಾನು ಗುಂಡಿ ಒತ್ತಿ, ಚಾವಣಿ ಎತ್ತಿ, ಎದ್ದುನಿಂತು ಕೈ ಚಾಚಿದೆ. ಹಿಂದಿನ ಕಾರಿನಿಂದ ಅಪ್ಪಟ ಮೈಸೂರು ದನಿ: "ಸ್ವಾಮಿ, ಭಾಷಣ ಶಾರ್ಟಾಗಿ ಮುಗಿಸಿ. ನಂಗೆ ಎಂಟಕ್ಕೆ ಮೀಟಿಂಗಿದೆ."

ಅಧ್ಯಕ್ಷರ ಸವಾರಿ

ಕೊನೆಗೆ ಅಧ್ಯಕ್ಷರೇ ಸವಾಲು ಹಾಕಿದರು. "ಕಾಲೊನಿ ಒಂದು ಸುತ್ತು ಹಾಕಿ ತೋರಿಸಿ. ನಿಂತುಹೋದ್ರೆ ಅಲ್ಲಿಂದಲೇ ಟೋ."

"ನೀವೂ ಬನ್ನಿ ಸಾರ್."

ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಎಡಕ್ಕೆ ಕೂತರು. "ಸ್ಟೀರಿಂಗ್ ಎಲ್ರಿ?"

"ನನ್ನ ಕೈಯಲ್ಲಿ."

ಸರಿಯಾಗಿ ಈಜುಕೊಳದ ಮುಂದೆ ಕಾರಿನ ಕರೆಂಟು ಹೋಯಿತು. ಎಂಜಿನ್ ನಿಂತಿತು. ಗುಂಡಿ ಒತ್ತಿದರೆ ಚಾವಣಿಯೂ ಏಳಲಿಲ್ಲ. ಇಬ್ಬರೂ ಒಳಗೆ ಬಂದಿ. ಅಧ್ಯಕ್ಷರ ರೂಲ್ಸ್ ಬಾಯಿಪಾಠವಾಗಿದ್ದ ಯಾರೋ ಪುಣ್ಯಾತ್ಮರು ಅಷ್ಟರಲ್ಲೇ ಫೋನ್ ಮಾಡಿದ್ದರು. ಟೋ ಟ್ರಕ್ ಬಂದು ಮುಂದಿನ ಚಕ್ರಗಳನ್ನು ಎತ್ತತೊಡಗಿತು. ನಾವಿಬ್ಬರೂ ಆಕಾಶ ನೋಡುತ್ತ ಮಲಗಿದೆವು. ಸುತ್ತ ಕಾಲೊನಿಯ ಜನ, ಮುಂದೆಯೇ ಅಕ್ಕ.

ಅಧ್ಯಕ್ಷರು ಗಾಜು ಗುದ್ದಿ, ತಾವು ಪ್ರೆಸಿಡೆಂಟ್ ಅಂತ ಇಂಗ್ಲಿಷಿನಲ್ಲಿ ಕೂಗಿದರು. ಟ್ರಕ್ಕಿನವನು ಸೆಲ್ಯೂಟ್ ಹೊಡೆದು ಇನ್ನೊಂದಡಿ ಎತ್ತಿದ.

ಆಗ ಅವರು ನನ್ನತ್ತ ತಿರುಗಿದರು. "ಏನಾದ್ರೂ ಮಾಡ್ರೀ."

"ನಾನೇನು ಮಾಡ್ಲಿ ಸಾರ್, ಟೋ ಮಾಡೋದು ಓಡದ ಗಾಡಿನ. ಇದು ಓಡುತ್ತೋ ಇಲ್ವೋ ನೀವೇ ಹೇಳ್ಬೇಕು."

ಕಾರು ಇನ್ನೂ ಸ್ವಲ್ಪ ಮೇಲೆದ್ದಿತು.

"ಓಡುತ್ತೆ," ಅಂದರು.

"ನಂಗೆ ಕೇಳಿಸ್ತು ಸಾರ್. ಇನ್ನೊಂದ್ಸಲ, ಗಾಜಿನ ಕಡೆ ತಿರುಗಿ. ಹೊರಗೆ ನಮ್ಮಕ್ಕ ನಿಂತಿದಾಳೆ."