ಹುಬ್ಬಿಗೆ ತಕ್ಕ ಪರದೆ

ದಿನಾ ಬೆಳಗ್ಗೆ ದೇವರ ಮುಂದೆ ದೀಪ ಹಚ್ಚಿ ಕೈ ಮುಗಿದ ಮೇಲೆ, ಅದೇ ಕೈಯಲ್ಲಿ ಮೆತ್ತನೆಯ ಬಟ್ಟೆ ಹಿಡಿದು ನಮ್ಮವರ ಕಂಪ್ಯೂಟರ್ ಪರದೆ ಒರೆಸುತ್ತೇನೆ. ಜ್ವರ ಬಂದ ದಿನವೂ ಇದನ್ನು ತಪ್ಪಿಸಿದವಳಲ್ಲ. ಎರಡೂ ಕಡೆ ನನ್ನ ಭಕ್ತಿ ಒಂದೇ ತೂಕದ್ದು. ಎರಡೂ ಕಡೆಯಿಂದ ಉತ್ತರ ಬರುವುದೂ ಅಷ್ಟರಲ್ಲೇ ಇದೆ. ದೇವರು ಕೇಳಿಸಿಕೊಂಡು ಸುಮ್ಮನಿರುತ್ತಾನೆ. ನಮ್ಮವರೂ ಸುಮ್ಮನಿರುತ್ತಾರೆ, ಕೇಳಿಸಿಕೊಂಡರೋ ಇಲ್ಲವೋ ಆ ದೇವರಿಗೇ ಗೊತ್ತು.

ಜಗಳವಾಡಿ ಮಾತು ಬಿಟ್ಟವರೆಂದು ತಿಳಿಯಬೇಡಿ. ಅವರು ಇರುವುದೇ ಹಾಗೆ. ಅವರದು ನಕ್ಷೆ ಬಿಡಿಸುವ ಕೆಲಸ. ಕಚೇರಿಯವರು ಎಲ್ಲೋ ನೆಲ ಅಳೆದು ಲೆಕ್ಕ ಕಳಿಸುತ್ತಾರೆ, ಇವರು ಮನೆಯಲ್ಲೇ ಕೂತು ರಸ್ತೆ, ಚರಂಡಿ, ನೀರಿನ ಪೈಪು ಎಲ್ಲಕ್ಕೂ ಗೆರೆ ಎಳೆಯುತ್ತಾರೆ. ಗೆರೆ ಎಳೆಯಲು ಬಾಯಿ ಬೇಕಾಗಿಲ್ಲ. ನನ್ನದು ಬಟ್ಟೆ ರಿಪೇರಿ. ಅಕ್ಕಪಕ್ಕದವರ ಅಂಗಿಗೆ ಗುಂಡಿ ಹಾಕಿಕೊಡುವುದು, ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಹೊಟ್ಟೆ ಬಂದವರಿಗೆ ಸೊಂಟ ಸಡಿಲಿಸುವುದು (ಈ ಕೆಲಸಕ್ಕೆ ಎಂದೂ ಬರವಿಲ್ಲ). ಯಾರೂ ಹೇಳಿಕೊಟ್ಟದ್ದಲ್ಲ, ಹಳೆಯ ಬಟ್ಟೆಗಳ ಹೊಲಿಗೆ ಬಿಚ್ಚಿ ನೋಡಿ ಕಲಿತದ್ದು. ಬಟ್ಟೆ ಕೊಡಲು ಬಂದವರು ಅದರ ಜೊತೆಗೆ ತಮ್ಮ ಕಷ್ಟವನ್ನೂ ಬಿಚ್ಚಿಟ್ಟು ಹೋಗುತ್ತಾರೆ. ನಾನು ಹೂಂಗುಟ್ಟುತ್ತೇನೆ. ಬೀದಿಯಲ್ಲಿ ಎಲ್ಲರೂ ನನ್ನ ಹತ್ತಿರ ಮಾತಾಡುವವರೇ. ನಾನು ಬಾಯಿ ತೆರೆದಾಗ ಮಾತ್ರ ಪ್ರತಿಯೊಬ್ಬರಿಗೂ ಒಲೆಯ ಮೇಲೆ ಏನೋ ಇಟ್ಟು ಬಂದದ್ದು ನೆನಪಾಗುತ್ತದೆ.

ಮನೆಯಲ್ಲಿರುವುದು ಒಂದೇ ಮೇಜು. ಗೋಡೆಯ ಕಡೆ ಅವರು, ಅವರ ಕಂಪ್ಯೂಟರು. ಕಿಟಕಿಯ ಕಡೆ ನಾನು, ನನ್ನ ಹೊಲಿಗೆ ಮೆಷಿನ್ನು. ಬೆಳಕು ಬೇಕೆಂದು ನಾನು ಕಿಟಕಿ ಬಿಡುವಂತಿಲ್ಲ, ಪ್ಲಗ್ಗು ಬೇಕೆಂದು ಅವರು ಗೋಡೆ ಬಿಡುವಂತಿಲ್ಲ. ಹೀಗೆ ನಾವು ವರ್ಷಗಟ್ಟಲೆ ಎದುರುಬದುರು ಸಂಸಾರ ಮಾಡಿದ್ದೇವೆ. ನಡುವೆ ಅವರ ಪರದೆ. ಅದರ ಕಾಲು ಎಂದೋ ಮುರಿದುಹೋಗಿದ್ದರಿಂದ ಮೇಜಿನ ಮೇಲೆಯೇ ಕೂರಿಸಿ, ಬೀಳದಂತೆ ಹಿಂದಕ್ಕೊಂದು ಮರದ ತುಂಡು ಕೊಟ್ಟಿದ್ದರು. ಅಕ್ಷರ ಓದಲು ಅವರು ಮುಂದಕ್ಕೆ ಬಗ್ಗಿ ಕೂರುತ್ತಿದ್ದರು. ನನಗೆ ಮೂಗಿನಿಂದ ಮೇಲೆ ಮಾತ್ರ ಕಾಣುತ್ತಿತ್ತು. ಅಂದರೆ ಕಣ್ಣು, ಹಣೆ, ಮತ್ತು ಮುಖ್ಯವಾಗಿ ಹುಬ್ಬು.

ಆ ಹುಬ್ಬುಗಳೇ ನನ್ನ ಪಾಲಿನ ಮಾತುಕತೆ. ಹೊಲಿಗೆಯಂತೆ ಈ ವಿದ್ಯೆಯನ್ನೂ ಗುರುವಿಲ್ಲದೆ ಕಲಿತೆ. ಎಡಹುಬ್ಬು ಮೇಲೆ ಹೋದರೆ ಟೀ ಬೇಕು. ಎರಡೂ ಒಟ್ಟಿಗೆ ಹೋದರೆ ಎಲ್ಲೋ ಒಂದು ಗೆರೆ ಇನ್ನೊಂದಕ್ಕೆ ಸೇರುತ್ತಿಲ್ಲ. ಎರಡೂ ಗಂಟಿಕ್ಕಿದರೆ ನಾನು ಮಾತು ನಿಲ್ಲಿಸಬೇಕು. ಬಲಹುಬ್ಬೊಂದೇ ಸ್ವಲ್ಪ ಕುಣಿದರೆ, ನಾನು ಹೇಳಿದ್ದು ಅವರಿಗೆ ಹಿಡಿಸಿತು. ಸೊಂಟ ಸಡಿಲಿಸಿಕೊಳ್ಳಲು ಬಂದವರ ಕಥೆ ಹೇಳುವಾಗೆಲ್ಲ ನಾನು ಆ ಬಲಹುಬ್ಬನ್ನೇ ನೋಡುತ್ತಿದ್ದೆ. ಅದು ಕುಣಿದ ದಿನ ನನಗೆ ರಾತ್ರಿ ಒಂದು ತುತ್ತು ಹೆಚ್ಚೇ ಸೇರುತ್ತಿತ್ತು.

ಹೀಗಿರುವಾಗ ಒಂದು ದಿನ ನಮ್ಮವರು ಚರಂಡಿಯ ಗೆರೆಯನ್ನು ರಸ್ತೆಯ ಗೆರೆಗೆ ಸೇರಿಸಿಬಿಟ್ಟರು. ಹಳೆಯ ಪರದೆಯಲ್ಲಿ ಎರಡೂ ಒಂದೇ ಆಗಿ ಕಂಡಿದ್ದವು. ಇನ್ನು ಮುಂದೆ ಕೂದಲೆಳೆಯ ಗೆರೆಯೂ ಕಾಣುವಂಥ ಹೊಸ ಪರದೆ ಬೇಕೆಂದು ಕಚೇರಿಯವರು ಹೇಳಿದರು. ಅಂಗಡಿಗೆ ಹೋದರೆ ನಾಲ್ಕು ಮಾತಾಡಬೇಕಲ್ಲ, ನಮ್ಮವರು ಆ ಕೆಲಸ ನನ್ನ ತಲೆಗೆ ಕಟ್ಟಿದರು.

ಕಂಪ್ಯೂಟರ್ ಅಂಗಡಿಯಾತ ನನಗೆ ಗೊತ್ತಿರುವವನೇ. ಅವನ ಕೋಟಿನ ಹರಿದ ಜೇಬು ಹೊಲಿದುಕೊಟ್ಟಂದಿನಿಂದ ತಮ್ಮನ ಜೊತೆಗಿನ ಅವನ ಮುನಿಸಿನ ಇತಿಹಾಸವನ್ನು ಕಂತುಕಂತಾಗಿ ಕೇಳುತ್ತ ಬಂದಿದ್ದೇನೆ. ಅಂದಿನ ಕಂತು ಮುಗಿದ ಮೇಲೆ ಪರದೆಯ ವಿಷಯಕ್ಕೆ ಬಂದ. ಮೂರು ಗಾತ್ರ ತೋರಿಸಿದ: ಇಪ್ಪತ್ನಾಲ್ಕು ಇಂಚು, ಇಪ್ಪತ್ತೇಳು, ಮೂವತ್ತೆರಡು. ಮೂರರಲ್ಲೂ ಚಿತ್ರ ಮೂಡಿಸುವ ಚುಕ್ಕೆಗಳು ಅಷ್ಟೇ ಇರುತ್ತವಂತೆ, ಎಂಬತ್ತು ಲಕ್ಷಕ್ಕೂ ಮೇಲೆ. ಒಂದು ಹಿಡಿ ಸಾಸಿವೆಯನ್ನು ಸಣ್ಣ ತಟ್ಟೆಗೆ ಸುರಿದರೆ ಒತ್ತೊತ್ತಾಗಿ ಕೂರುತ್ತದೆ, ದೊಡ್ಡ ತಟ್ಟೆಗೆ ಸುರಿದರೆ ಹರಡಿಕೊಳ್ಳುತ್ತದೆ ಎಂದು ನಾನು ಅರ್ಥ ಮಾಡಿಕೊಂಡೆ. ಸಣ್ಣದರಲ್ಲಿ ಗೆರೆ ಚೂಪು, ಆದರೆ ಅಕ್ಷರಗಳೆಲ್ಲ ಇರುವೆ. ಅವನ್ನು ದೊಡ್ಡದು ಮಾಡಿಕೊಂಡರೆ ಜಾಗ ಸಾಲದು. ಮೂವತ್ತೆರಡರಲ್ಲಿ ಎಲ್ಲ ದೊಡ್ಡದಾಗಿ ಕಾಣುತ್ತದೆ, ಆದರೆ ನಮ್ಮದರಂಥ ಕಿರಿದಾದ ಮೇಜಿನಲ್ಲಿ ಈ ಮೂಲೆಯಿಂದ ಆ ಮೂಲೆಗೆ ಕತ್ತು ತಿರುಗಿಸಬೇಕು.

ಯಾವುದು ಒಳ್ಳೆಯದೆಂದು ಕೇಳಿದೆ. ತೋಳಿನಷ್ಟು ದೂರದಲ್ಲಿ ಕೂರುವವರಾದರೆ ಇಪ್ಪತ್ತೇಳು ಸಾಕು, ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂಬುದರ ಮೇಲಿದೆ ಎಂದ.

ಅವನು ಹೇಳಿದ್ದು ನಮ್ಮವರ ಬಗ್ಗೆ. ನಾನು ಯೋಚಿಸಿದ್ದು ನನ್ನ ಬಗ್ಗೆ. ಪರದೆ ಬೆಳೆದಷ್ಟೂ ಹುಬ್ಬು ಮುಳುಗುತ್ತದೆ. ಹುಬ್ಬು ಮುಳುಗಿದ ಮೇಲೆ ಆ ಮನೆಯಲ್ಲಿ ನನಗೂ ಮೆಷಿನ್ನಿಗೂ ಏನು ವ್ಯತ್ಯಾಸ?

ಇಲ್ಲಿ ನನ್ನ ಬುದ್ಧಿ ಕೆಲಸ ಮಾಡಿತು. ಹೊಲಿಯುವವರು ಬಟ್ಟೆ ಕತ್ತರಿಸುವ ಮೊದಲು ಕಾಗದದಲ್ಲಿ ಕತ್ತರಿಸಿ ನೋಡುತ್ತಾರೆ. ಪರದೆಯ ಇಂಚನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆಯಬೇಕೆಂದು ಅಂಗಡಿಯಾತ ಹೇಳಿದ್ದ. ಟೇಪು ಹಿಡಿದು ಹಾಗೇ ಅಳೆದು ರಟ್ಟಿನಲ್ಲಿ ಮೂರು ಪರದೆ ಕತ್ತರಿಸಿದೆ. ಅಂಚಿನ ಪಟ್ಟಿಗೆಂದು ಸುತ್ತಲೂ ಚೂರು ಬಿಟ್ಟೆ (ಮಡಿಕೆಗೆ ಬಟ್ಟೆ ಬಿಡದೆ ಕತ್ತರಿಸುವವಳು ನಾನಲ್ಲ). ಊಟವಾದ ಮೇಲೆ ನಮ್ಮವರನ್ನು ಕುರ್ಚಿಯಲ್ಲಿ ಕೂರಿಸಿ, ಹಳೆಯ ಪರದೆ ತೆಗೆದು ಒಂದೊಂದೇ ರಟ್ಟು ನಿಲ್ಲಿಸಿ, ನನ್ನ ಜಾಗಕ್ಕೆ ಬಂದು ನೋಡಿದೆ. ಮೂವತ್ತೆರಡರಲ್ಲಿ ನೆತ್ತಿ ಮಾತ್ರ. ಇಪ್ಪತ್ನಾಲ್ಕರಲ್ಲಿ ಮೂಗಿನ ತುದಿಯವರೆಗೂ ದರ್ಶನ. ಇಪ್ಪತ್ತೇಳರಲ್ಲಿ ಸರಿಯಾಗಿ ಹುಬ್ಬಿನ ಕೆಳಗೆ ಅಂಚು ಬಂತು. ಅವರಿಗೂ ಸಾಕು, ನನಗೂ ಸಾಕು. ಇಂಥ ನ್ಯಾಯವನ್ನು ಯಾವ ನ್ಯಾಯಾಲಯವೂ ಕೊಟ್ಟಿರಲಾರದು ಎಂದು ಹೆಮ್ಮೆಪಟ್ಟುಕೊಂಡೆ. ನಮ್ಮವರ ಎಡಹುಬ್ಬು ಮೇಲೆ ಹೋಯಿತು. ಟೀ ಮಾಡಿಕೊಟ್ಟೆ.

ಇಪ್ಪತ್ತೇಳರ ಪರದೆ ಬಂತು. ಪೆಟ್ಟಿಗೆ ಬಿಚ್ಚಿದರೆ ಅದಕ್ಕೊಂದು ಕಾಲಿತ್ತು.

ಕಾಲು ಎಂದರೆ ಕೊಕ್ಕರೆಯ ಕಾಲು. ನಮ್ಮ ಮನೆಯಲ್ಲಿ ಪರದೆ ಕಾಲ ಮೇಲೆ ನಿಂತದ್ದನ್ನು ನಾನು ಮರೆತೇಬಿಟ್ಟಿದ್ದೆ. ಮಡಿಕೆಗೆ ಬಿಟ್ಟವಳು ಕಾಲಿಗೆ ಬಿಟ್ಟಿರಲಿಲ್ಲ. ಅಂಗಡಿಯಾತ ಕೂರಿಸಿ, ತಮ್ಮನ ಹೊಸ ಅನ್ಯಾಯವೊಂದನ್ನು ಹೇಳಿ ಹೋದ. ನಾನು ನನ್ನ ಜಾಗಕ್ಕೆ ಬಂದು ಕೂತೆ. ಎದುರಿಗೆ ಕಪ್ಪು ಬೆನ್ನೊಂದು ನಿಂತಿತ್ತು. ಹುಬ್ಬು, ಹಣೆ, ನೆತ್ತಿ, ಯಾವುದೂ ಇಲ್ಲ. ಪರದೆಯ ಕೆಳಗಿನ ಸಂದಿಯಲ್ಲಿ ಅವರ ಅಂಗಿಯ ಮೂರನೆಯ ಗುಂಡಿ ಕಾಣುತ್ತಿತ್ತು. ಬಿಳಿ ದಾರ ಮುಗಿದಿದೆಯೆಂದು ನಾನೇ ನೀಲಿಯಲ್ಲಿ ಹಾಕಿದ ಗುಂಡಿ. ಗುಂಡಿಯ ಮುಖ ನೋಡಿ ಮನುಷ್ಯನ ಮನಸ್ಸು ತಿಳಿಯುವ ವಿದ್ಯೆ ನನಗೆ ಬರುವುದಿಲ್ಲ.

ಆ ದಿನಗಳನ್ನು ಹೇಗೆ ಹೇಳಲಿ. ಸೊಂಟದವರ ಕಥೆ ಶುರುಮಾಡಿ ಅರ್ಧಕ್ಕೆ ಬಿಟ್ಟೆ. ಕಪ್ಪು ಬೆನ್ನಿಗೆ ಕಥೆ ಹೇಳುವುದು ಬಾಗಿಲು ಹಾಕಿದ ಮನೆಯ ಮುಂದೆ ನಿಂತು ಕೂಗಿದಂತೆ. ಯಾವಾಗ ಟೀ ಬೇಕೆಂದು ತಿಳಿಯದೆ ಟೀ ಮಾಡುವುದನ್ನೂ ನಿಲ್ಲಿಸಿದೆ. ಮೆಷಿನ್ನು ತುಳಿಯುವುದನ್ನು ಬಿಟ್ಟು ಕೈಹೊಲಿಗೆಯ ಕೆಲಸವನ್ನೇ ಹುಡುಕಿಕೊಂಡೆ. ಸದ್ದಿಗೆ ಅವರು ಹುಬ್ಬು ಗಂಟಿಕ್ಕಿದ್ದರೆ ನನಗೆ ಗೊತ್ತಾಗಬೇಕಲ್ಲ. ಬೆಳಗ್ಗೆ ಪರದೆ ಒರೆಸುವಾಗ ದೇವರನ್ನು ಕೇಳಿದೆ, ಇಂಚುಗಳನ್ನೆಲ್ಲ ಅಳೆಯುವ ಬುದ್ಧಿ ಕೊಟ್ಟು ಕಾಲೊಂದನ್ನು ಯಾಕಪ್ಪಾ ಮರೆಸಿದೆ ಎಂದು. ಅವನು ಎಂದಿನಂತೆ ಕೇಳಿಸಿಕೊಂಡ.

ಒಂದು ಮಧ್ಯಾಹ್ನ ಕಾಲರಿಗೆ ಸೂಜಿ ಹಾಕುತ್ತಿದ್ದೆ. ಕಪ್ಪು ಬೆನ್ನಿನ ಆಚೆಯಿಂದ ಒಂದು ಗಂಟಲು ಕೆಮ್ಮಿತು.

"ಇದ್ದೀಯಾ?"

ಸೂಜಿ ಬೆರಳಿಗೆ ಚುಚ್ಚಿತು. "ಇದ್ದೀನಿ" ಎಂದೆ.

"ಟೀ ಯಾಕೆ ನಿಂತೋಯ್ತು?"

ನಾನು ಎದ್ದು ಅವರ ಕಡೆಗೆ ಹೋದೆ. ಕೆಲಸಕ್ಕೆ ಕೂತ ಅವರ ಮುಖವನ್ನು ಎಷ್ಟೋ ದಿನಗಳ ಮೇಲೆ ಪೂರ್ತಿ ನೋಡಿದೆ. ಬೆನ್ನು ನೆಟ್ಟಗೆ ಮಾಡಿ ಒರಗಿ ಕೂತಿದ್ದರು. ಹುಬ್ಬುಗಳೆರಡೂ ನಿದ್ದೆ ಹೋದ ಕಂಬಳಿಹುಳುಗಳ ಹಾಗೆ ಅಲ್ಲಾಡದೆ ಮಲಗಿದ್ದವು.

"ಹುಬ್ಬು ಕಾಣಲ್ವಲ್ಲ, ಹೇಗೆ ಗೊತ್ತಾಗ್ಬೇಕು ನನಗೆ?" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಎಡಹುಬ್ಬಿನ ಅರ್ಥ, ಎರಡು ಹುಬ್ಬಿನ ಅರ್ಥ, ಗಂಟಿನ ಅರ್ಥ. ನಮ್ಮವರು ನನ್ನನ್ನೇ ನೋಡಿದರು.

"ಅಯ್ಯೋ, ಅದು ಅಕ್ಷರ ಕಾಣದೆ ಕಣ್ಣು ಕಿರಿದು ಮಾಡ್ತಿದ್ದೆ ಕಣೇ. ಈಗ ಎಲ್ಲಾ ಸ್ವಚ್ಛ ಕಾಣತ್ತೆ, ಹುಬ್ಬಿಗೆ ಕೆಲಸವೇ ಇಲ್ಲ."

"ಮತ್ತೆ ಟೀ?"

"ನೀನು ತರ್ತಿದ್ದೆ, ನಾನು ಕುಡೀತಿದ್ದೆ. ಇಷ್ಟೊಂದು ಯಾಕೆ ತರ್ತಾಳೆ ಅಂತ ನನಗೂ ಅನ್ನಿಸ್ತಿತ್ತು."

ಬಲಹುಬ್ಬಿನ ವಿಷಯ ಕೇಳಬಾರದಿತ್ತು, ಕೇಳಿದೆ. ಬಲಗಣ್ಣು ಮೊದಲಿನಿಂದಲೂ ಸ್ವಲ್ಪ ಮಂಜಂತೆ. ಆ ಹಳೆಯ ಪರದೆಯ ಮುಂದೆ ಅದು ಅದುರುತ್ತಿತ್ತಂತೆ.

ಟೀ ಕೊಟ್ಟು ನನ್ನ ಜಾಗಕ್ಕೆ ಬಂದು ಕೂತೆ. ಇಷ್ಟು ವರ್ಷ ನಾನು ನಗಿಸಿದ್ದೆಂದು ತಿಳಿದದ್ದು ಒಂದು ಮಂಜುಗಣ್ಣಿನ ನರವನ್ನು. ನನ್ನಷ್ಟು ವಿದ್ಯಾವಂತೆ ಯಾರಿದ್ದಾರೆಂದು ಹೆಮ್ಮೆಪಟ್ಟಿದ್ದೆನಲ್ಲ, ಆ ಭಾಷೆಯನ್ನು ಮಾತಾಡುವವರೇ ಇರಲಿಲ್ಲ. ಓದುವವಳು ಮಾತ್ರ ಇದ್ದಳು. ನಗು ಬಂತು. ನಗುವಿನ ಹಿಂದೆ ಇನ್ನೇನೋ ಬರುತ್ತಿತ್ತು, ಅದನ್ನು ಸೆರಗಿನಲ್ಲಿ ಒರೆಸಿಕೊಂಡು ಕಾಲರು ಮುಗಿಸಿದೆ.

ಎಷ್ಟು ಹೊತ್ತಾಗಿತ್ತೋ, ಆಚೆಯಿಂದ ಮತ್ತೆ ದನಿ ಬಂತು.

"ಇದ್ದೀಯಾ?"

"ಇದ್ದೀನಿ. ಟೀ ಬೇಕಾ?"

"ಬೇಡ. ಸದ್ದೇ ಇಲ್ವಲ್ಲ ಅಂತ ಕೇಳ್ದೆ. ಮೊದಲು ತಲೆ ಎತ್ತಿದ್ರೆ ಕಾಣಿಸ್ತಿದ್ದೆ, ಕೇಳ್ಬೇಕಾಗಿರಲಿಲ್ಲ."

ಆಮೇಲೆ ಅದು ಅವರಿಗೆ ಅಭ್ಯಾಸವಾಯಿತು. ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದೆರಡು ಸಲ. ನಾನು ಇದ್ದೀನಿ ಎನ್ನುತ್ತೇನೆ. ಕೆಲವು ಸಲ ಬೇಕೆಂದೇ ಮೆಷಿನ್ನು ನಿಲ್ಲಿಸಿ ಸುಮ್ಮನೆ ಕೂರುತ್ತೇನೆ (ದೇವರು ಕ್ಷಮಿಸಲಿ).

ಮೊನ್ನೆ ಅಂಗಡಿಯಾತ, ಮತ್ತೆ ರಿಪೇರಿಗೆ ಕೊಟ್ಟಿದ್ದ ಕೋಟು ತೆಗೆದುಕೊಂಡು ಹೋಗಲು ಬಂದ. ತಮ್ಮನ ಜೊತೆ ರಾಜಿಯಾಗಿತ್ತಂತೆ, ಹೇಳಲು ಹೆಚ್ಚೇನೂ ಇಲ್ಲದೆ ಮನೆಯನ್ನೆಲ್ಲ ನೋಡಿದ. ನಾನು ಕೂರುವ ಜಾಗ, ನನ್ನ ಎದುರಿನ ಕಪ್ಪು ಬೆನ್ನು ಎರಡೂ ಅವನ ಕಣ್ಣಿಗೆ ಬಿದ್ದವು. ಪರದೆ ಕೂರಿಸಿದ ದಿನವೇ ತಾನು ಗಮನಿಸಬೇಕಿತ್ತು ಎಂದು ಪೇಚಾಡಿಕೊಂಡ. ಪರದೆಯ ತಲೆಯ ಮೇಲೆ ಅಂಗೈ ಇಟ್ಟ.

"ಇದರ ಕಾಲು ಒತ್ತಿದ್ರೆ ಇಳಿಯತ್ತಮ್ಮ. ಸ್ಕ್ರೂ ಕೂಡ ಬಿಚ್ಚಬೇಕಾಗಿಲ್ಲ. ಒಂದೇ ನಿಮಿಷ, ಮೇಜಿನ ತನಕ ಇಳಿಸಿಕೊಡ್ತೀನಿ. ಯಜಮಾನರ ಮುಖ ಕಾಣತ್ತೆ."

ಒಂದು ಅಂಗೈಯಲ್ಲಿ ಮುಗಿಯುವ ಕೆಲಸಕ್ಕೆ ನಾನು ಅಷ್ಟು ದಿನ ಟೀ ನಿಲ್ಲಿಸಿದ್ದೆ, ಕಥೆ ನಿಲ್ಲಿಸಿದ್ದೆ, ದೇವರನ್ನು ಬೇರೆ ಬೈದಿದ್ದೆ. ಅವನು ಒತ್ತಲು ಹೊರಟ. ನಾನು ಎದ್ದು ಪರದೆಯ ಕೆಳಗೆ ಕೈ ಕೊಟ್ಟು ತಡೆದೆ.

"ಬೇಡಪ್ಪ. ಹಾಗೇ ಇರಲಿ."

"ನಿಮಗೇ ಅನುಕೂಲ ಅಲ್ವಾ?"

"ಅವರ ಕತ್ತಿಗೆ ಈ ಎತ್ತರವೇ ಒಳ್ಳೇದು" ಎಂದೆ.

ಅಷ್ಟರಲ್ಲಿ ಆಚೆಯಿಂದ, ಗೆರೆಗಳಲ್ಲಿ ಮುಳುಗಿ ನಮ್ಮ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳದ ನಮ್ಮವರು, ಯಾರ ಹತ್ತಿರ ಮಾತಾಡ್ತಿದ್ದೀಯಾ, ಇದ್ದೀಯಾ ಅಲ್ಲೇ, ಎಂದು ಕೇಳಿದರು. ನಾನು ಅಂಗಡಿಯಾತನ ಕೈಗೆ ಕೋಟು ಕೊಟ್ಟು, ಬಾಗಿಲವರೆಗೂ ಕಳಿಸಿಬಂದು, ಆಮೇಲೆ ನಿಧಾನವಾಗಿ ಉತ್ತರ ಕೊಟ್ಟೆ.