ಹಲ್ಲಿನ ಡಾಕ್ಟರರ ಮೀನು

ಹಲ್ಲು ನೋಯದಿದ್ದರೂ ಹಲ್ಲಿನ ಡಾಕ್ಟರರ ಬಳಿಗೆ ಕುಣಿಯುತ್ತ ಹೋಗುವ ಮನುಷ್ಯ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ನಮ್ಮ ಕಾಕಾ!

ಕಾಕಾ ರಾಯಚೂರಿನವರು, ಮೆಹದಿಪಟ್ಟಣಂನಲ್ಲಿ ನಮ್ಮ ಜೊತೆಗೇ ಇದ್ದಾರೆ. ಮೀನು ತಿನ್ನುವವರಲ್ಲ, ಸಮುದ್ರ ಕಂಡವರೂ ಅಲ್ಲ. ಆದರೆ ಚಿತ್ರದ ಪುಸ್ತಕಗಳನ್ನು ಓದಿ ಓದಿ, ಬಣ್ಣದ ಮೀನು ಕಂಡರೆ ಸಾಕು, ಅದರ ಹೆಸರು, ಊರು, ಕೇರಿ ಎಲ್ಲ ಹೇಳದೆ ಬಿಡರು. ಸುಲ್ತಾನ್ ಬಜಾರಿನಲ್ಲಿ ನನ್ನ ಹೆಂಡತಿ ಕಿತ್ತಳೆ ಬಣ್ಣದ ಸೀರೆ ಎತ್ತಿಕೊಂಡಾಗ, "ಬಿಳಿ ಪಟ್ಟಿ ಇದ್ದದ್ದು ತಗೋಳವ್ವ. ಥೇಟ್ ಕ್ಲೌನ್ ಮೀನಿನಂಗ ಕಾಣ್ತಿ!" ಎಂದರು. ಆಕೆ ಸೀರೆಯನ್ನೇ ಕೊಳ್ಳಲಿಲ್ಲ.

ನನಗೆ ಹಲ್ಲುನೋವು ಬಂದಾಗ ಜೊತೆಗೆ ಬಂದರು. ಡಾಕ್ಟರರು ಬೀದರ್ ಕಡೆಯವರು. ಕ್ಲಿನಿಕ್ಕಿನಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟಿದ್ದರು. ಅದರೊಳಗೆ ಕಡುನೀಲಿ ಮೈಯ ಮೇಲೆ ಬಿಳಿ ಉಂಗುರಗಳಿದ್ದ ಪುಟ್ಟ ಮೀನು. ಡಾಕ್ಟರರು ನನ್ನ ಹಲ್ಲು ಕೊರೆಯುತ್ತಿದ್ದಾಗಲೇ ಕಾಕಾ ನೇರ ಅವರ ಕೋಣೆಗೇ ನುಗ್ಗಿದರು.

"ಡಾಕ್ಟರ್ ಸಾಹೇಬ್ರ, ಅದು ಎಂಪರರ್ ಏಂಜಲ್ ಮೀನಿನ ಮರಿ ಐತಿರಿ. ಲಕ್ಷದ್ವೀಪ, ಅಂಡಮಾನದ ಹವಳದ ದಿಬ್ಬದಾಗ ಇರೂದು. ದೊಡ್ಡದಾತಂದ್ರ ಉಂಗುರ ಹೋಗಿ ಹಳದಿ ಗೆರಿ ಬರ್ತಾವ!"

"ಕಾಕಾ, ಅದು ಮೀನು ಅದನೋ, ಊಸರವಳ್ಳಿ ಅದನೋ?" ಎಂದು ಡಾಕ್ಟರರು ನಕ್ಕರು. ವಾದ ಬೆಳೆಯಿತು. ಅರ್ಧ ಕೊರೆದ ಹಲ್ಲಿನೊಂದಿಗೆ ಬಾಯಿ ತೆರೆದುಕೊಂಡು ಬಿದ್ದಿದ್ದ ನನ್ನನ್ನು ಕೇಳುವವರಾರು?

ಅಂದಿನಿಂದ ಕಾಕಾನಿಗೆ ಹಲ್ಲು ಸ್ವಚ್ಛ ಮಾಡಿಸುವ ಹುಚ್ಚು ಹಿಡಿಯಿತು. ಗೆರೆ ಬಂತೇ ಎಂದು ನೋಡಲು ಅದೇ ನೆಪ! ಕರೆಂಟು ಹೋದರೆ ಕಾಕಾ ನಕ್ಕರೆ ಸಾಕು, ಮನೆಯೆಲ್ಲ ಬೆಳಕು ಎನ್ನುವ ಹಾಗೆ ಹಲ್ಲು ಹೊಳೆದವು.

ಕಡೆಗೊಂದು ಬೆಳಿಗ್ಗೆ ಡಾಕ್ಟರರೇ ಫೋನ್ ಮಾಡಿದರು. "ಕಾಕಾ, ಲಗೂನ ಬರ್ರಿ! ಹಳದಿ ಗೆರಿ ಬಂದಾವ! ನಾ ಸೋತೆ!"

ನಾವು ಹೋಗುವಷ್ಟರಲ್ಲಿ ಮಿಠಾಯಿ ತರಿಸಿದ್ದರು. ಹಲ್ಲಿನ ಡಾಕ್ಟರರು, ಮಿಠಾಯಿ! ಕಾಕಾ ಮಾತ್ರ ಮುಟ್ಟಲಿಲ್ಲ.

"ಇದು ಮೊಳದುದ್ದ ಬೆಳೀತೈತಿರಿ. ಇಷ್ಟು ಸಣ್ಣ ಪೆಟ್ಟಿಗ್ಯಾಗ ಉಳಿಯೂದಿಲ್ಲ. ಎಲ್ಲೆರ ದೊಡ್ಡ ತೊಟ್ಟಿಗೆ ಕೊಟ್ಟುಬಿಡ್ರಿ."

ಡಾಕ್ಟರರ ಮುಖ ಸಣ್ಣದಾಯಿತು. ಆದರೂ ದೊಡ್ಡ ತೊಟ್ಟಿ ಇಟ್ಟಿದ್ದ ಗೆಳೆಯರೊಬ್ಬರಿಗೆ ಫೋನ್ ಮಾಡಿ, ಮೀನನ್ನು ಇಟ್ಟುಕೊಳ್ಳಲು ಹೇಳಿದರು.

ಮೀನನ್ನು ಒಯ್ಯುವ ಕೆಲಸ ಕಾಕಾನದೇ. ನೀರು ತುಂಬಿದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, "ಆಹಿಸ್ತಾ ಭಾಯ್, ಆಹಿಸ್ತಾ!" ಎಂದು, ಮೆಲ್ಲಗೆ ಓಡಿಸಲು ಹೇಳಿ ಹೇಳಿ, ದಾರಿಯುದ್ದಕ್ಕೂ ಆಟೋದವನ ಜೀವ ತಿಂದರು. ಹೊಸ ತೊಟ್ಟಿಗೆ ಬಿಟ್ಟೊಡನೆ ಮೀನು ಬಾಲ ಬೀಸಿ, ಕಲ್ಲುಗಳ ನಡುವೆ ದೊಡ್ಡದೊಂದು ಸುತ್ತು ಹೊಡೆಯಿತು.

"ಸಮುದ್ರ ಅಲ್ಲ, ಖರೆ. ಆದ್ರೂ ತಿರುಗಾಡಾಕ ಜಾಗ ಐತಿ," ಎಂದರು ಕಾಕಾ.

ಹಿಂದಿರುಗುವಾಗ ಆಟೋದಲ್ಲಿ ಕಾಕಾ, ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ, ಖಾಲಿ ತೊಡೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುತ್ತಿದ್ದರು.