ಠಕ್ಕನ ಬೆರಳಿಗೆ ಬಂದ ಆಯೇರಿ

ನಮ್ಮ ಮುತ್ತಜ್ಜ ಸಂಗಪ್ಪ ದೊಡ್ಡಾಟದಲ್ಲಿ ಕೀಚಕನ ವೇಷ ಕಟ್ಟಿದರೆ ಊರ ಹೆಂಗಸರು ವಾರಗಟ್ಟಲೆ ನೀರಿಗೆ ಒಬ್ಬೊಬ್ಬರೇ ಹೋಗುತ್ತಿರಲಿಲ್ಲವಂತೆ. ಅವನಿಗೆ ಊರ ಗೌಡರು ಹೋರಿಗರುವನ್ನೇ ಆಯೇರಿ ಕೊಟ್ಟರು. ಅಜ್ಜ ಈರಪ್ಪ ದುರ್ಯೋಧನನಾಗಿ ಹಾರಿ ಕುಣಿದಾಗ ವೇದಿಕೆಯ ಅಟ್ಟದ ಹಲಗೆ ಮುರಿಯಿತು. ಆ ತೂತಿನಲ್ಲಿ ಸೊಂಟದ ತನಕ ಸಿಕ್ಕಿಕೊಂಡವನಿಗೇ ಬೆಳ್ಳಿ ಕಡಗ ತೊಡಿಸಿದರು. ಅಪ್ಪ ಫಕೀರಪ್ಪ ಸಣ್ಣಾಟದಲ್ಲಿ ಸೀರೆ ಉಟ್ಟು ನಿಂತರೆ ಪಕ್ಕದ ಊರಿನವರು ಹೆಣ್ಣು ಕೇಳಲು ಬಂದಿದ್ದರು! ಅವನಿಗೆ ಜರಿ ರುಮಾಲು.

ಆಯೇರಿ ಎಂದರೇನೆಂದು ತಿಳಿಯದವರಿಗೆ ಹೇಳುತ್ತೇನೆ. ನಮ್ಮ ಸೀಮೆಯಲ್ಲಿ ವೇಷಗಾರನಿಗೆ ಮನಸ್ಸು ಸೋತವರು ಆಟ ಮುಗಿಯುವ ತನಕ ಕಾಯುವುದಿಲ್ಲ. ನಡುವೆಯೇ ಅಟ್ಟ ಹತ್ತಿ, ಉಡುಗೊರೆ ಕೊಟ್ಟು, ತಮ್ಮ ಹೆಸರು ಕೂಗಿಸಿಕೊಂಡು ಇಳಿಯುತ್ತಾರೆ.

ಇಂಥ ವಂಶದ ಕುಡಿ ನಾನು, ವೀರಭದ್ರ! ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನು. ಅಂಗಡಿ ಬೋರ್ಡು ನೋಡಿ ಇಂಗ್ಲಿಷ್ ಕಲಿತೆ. ಮೀನು ಮುಟ್ಟದೆಯೇ ಮೀನು ಸಂತೆಯ ಜಗಳ ಕೇಳಿ ಬಂಗಾಳಿ ಕಲಿತೆ. ಕೋಲ್ಕತ್ತದ ಸಿಯಾಲ್ದಾ ರೈಲ್ವೆ ಷೆಡ್ಡಿನಲ್ಲಿ ಫಿಟ್ಟರ್ ಆಗಿ ಆಯುಷ್ಯ ಸವೆಸಿದ ನನಗೆ ಬಂದ ಆಯೇರಿ ಒಂದೇ: ನಿವೃತ್ತಿಯ ದಿನ ಕೊಟ್ಟ ಗೋಡೆ ಗಡಿಯಾರ. ಅದೂ ನನ್ನ ಜೊತೆಯಲ್ಲೇ ನಿವೃತ್ತಿ ತೆಗೆದುಕೊಂಡಿತು.

ಹೀಗಿರುವಾಗ, ಎರಡು ಸಾವಿರದ ಆರನೇ ಇಸವಿಯ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಸಂಘದವರು ‘ಟೋಪಿ ಮನೆತನ’ ಎಂಬ ನಾಟಕ ಹಿಡಿದರು. ಒಂದು ಠಕ್ಕರ ಕುಟುಂಬ ಗಂಡಿನ ಕಡೆಯವರ ಸೋಗಿನಲ್ಲಿ ಸಾಹುಕಾರರ ಮನೆಗೆ ಹೋಗಿ ಉಂಗುರ ಹಾರಿಸುವ ಕಥೆ. ಕಡೆಯ ದೃಶ್ಯದಲ್ಲಿ ಪೊಲೀಸನ ಮುಂದೆ ಠಕ್ಕರ ಯಜಮಾನ ಖಾಲಿ ಕೈ ತೋರಿಸಿ ಪಾರಾಗುತ್ತಾನೆ. ಆ ಯಜಮಾನ ನಾನು! ನಿರ್ದೇಶಕ ಮತ್ತು ನಾಟಕದಲ್ಲಿ ನನ್ನ ಠಕ್ಕ ಮಗ, ಎರಡೂ ಸಮರ್ಥ್ ಎಂಬ ಬೆಂಗಳೂರು ಹುಡುಗ. ಸೆಕ್ಟರ್ ಫೈವ್‌ನ ಕಂಪ್ಯೂಟರ್ ಕಂಪನಿಯಲ್ಲಿ ದುಡಿಯುವವನು. ಜಗತ್ತಿನ ಎಲ್ಲ ರೋಗಕ್ಕೂ ಲ್ಯಾಪ್‌ಟಾಪಿನಲ್ಲಿ ಮದ್ದಿದೆ ಎಂದು ನಂಬಿದ ಪೀಳಿಗೆ.

“ಅಂಕಲ್, ಕಿವಿಗೊಂದು ಇಯರ್‌ಫೋನ್ ಹಾಕ್ತೀನಿ. ಮಾತು ಮರೆತ್ರೆ ನಾನೇ ಹೇಳಿಕೊಡ್ತೀನಿ.”

“ತಮ್ಮಾ, ಹುಲಿಗೆ ಹುಲ್ಲು ತಿನ್ನೂದು ಕಲಿಸಬ್ಯಾಡ. ನಮ್ಮ ಮನೆತನದಾಗ ಒಬ್ಬರ ಸಹಾಯ ತಗೊಂಡ ದಾಖಲೆ ಇಲ್ಲ.”

ನನ್ನ ಚಿಂತೆ ಮಾತಿನದಲ್ಲ, ಆಯೇರಿಯದು. ಕೋಲ್ಕತ್ತದ ಮಂದಿಗೆ ಈ ಪದ್ಧತಿಯ ಗಂಧವೇ ಇಲ್ಲ. ಕುರ್ಚಿಗೆ ಅಂಟಿಕೊಂಡು ಚಪ್ಪಾಳೆ ತಟ್ಟಿ ಮನೆಗೆ ಹೋಗುವವರು. ನನ್ನ ತಲೆಮಾರಿಗೆ ವಂಶದ ಕೀರ್ತಿ ಬತ್ತಿಹೋಗಬೇಕೇ? ಬೆಹಾಲಾದ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ಹೆಂಡತಿ ಇಂದುಮತಿಯನ್ನು ಹಿಡಿದು ನನ್ನ ರಾಜಕಾರಣ ಬಿಚ್ಚಿದೆ.

“ಮೊದಲನೇ ದೃಶ್ಯ ಮುಗಿಯೂ ಹೊತ್ತಿಗೆ ನೀ ಸ್ಟೇಜ್ ಹತ್ತಿ ನನಗ ನಿನ್ನ ಉಂಗುರ ಹಾಕು. ಮೊದಲನೇ ಕುರಿ ಹಳ್ಳ ದಾಟಿದ್ರ ಉಳಿದ ಕುರಿ ಹಿಂದs ದಾಟತಾವ.”

“ಅಂದ್ರ ನಮಗ ನಾವ ಆಯೇರಿ ಮಾಡ್ಕೊಳ್ಳೂದು? ಇದಕ್ಕೂ ಟೋಪಿ ಅಂತಾರ್ರಿ!”

“ಇದು ಕಲಾಸೇವಾ!”

“ಅದು ನನ್ನ ತವರುಮನಿ ಉಂಗುರ. ನಿಮ್ಮ ಬೆರಳು ನೋಡಿದ್ರ ಮೂಲಂಗಿ ಇದ್ದಾಂಗ ಅದಾವ.”

“ಕಿರಿಬೆರಳಿಗೆ ಹಾಕು. ಕೂಡಲೇ ತಗದು ಕೊಡತೀನಿ, ಆಣಿ!”

ನಾಟಕದ ಸಂಜೆ ಸಭಾಂಗಣ ತುಂಬಿತು. ಮುಂದಿನ ಸಾಲಿನಲ್ಲಿ ಮುಖ್ಯ ಅತಿಥಿ ಘೋಷಾಲ್ ಬಾಬು. ನಮ್ಮ ಎದುರು ಫ್ಲ್ಯಾಟಿನವರು, ನಮ್ಮ ಪಾಡಾದ, ಎಂದರೆ ಓಣಿಯ, ನಾಟಕ ತಂಡದ ಗುರು. ಕನ್ನಡದ ಒಂದಕ್ಷರ ಬರದಿದ್ದರೂ ಎಲ್ಲ ಅರಗಿಸಿಕೊಂಡವರಂತೆ ತಲೆಯಾಡಿಸುವ ಮಹಾಪಂಡಿತರು.

ನಾನು ಗುಡುಗಿದೆ. ಮುತ್ತಜ್ಜನೇ ಮೈಮೇಲೆ ಬಂದಂತಾಯಿತು. ಆಗ ಇಂದುಮತಿ ಸೆರಗು ಬಿಗಿದು ಸ್ಟೇಜ್ ಹತ್ತಿದಳು. ಬಂದವಳೇ ಗಾಬರಿಯಲ್ಲಿ ಕಿರಿಬೆರಳು ಬಿಟ್ಟು ಪಕ್ಕದ ಬೆರಳಿಗೆ ಉಂಗುರ ತುರುಕಿ, ಗಾಣಕ್ಕೆ ಗೂಟ ಬಡಿದಂತೆ ನೂಕಿದಳು! ಕಣ್ಣಲ್ಲಿ ನೀರು ಬಂತು. ಜನ ಅದನ್ನು ಅಭಿನಯ ಎಂದುಕೊಂಡರು.

ನಾನು ಉಳಿದ ಕುರಿಗಳಿಗಾಗಿ ಕೈ ಚಾಚಿ ನಿಂತೆ. ಒಂದೂ ಏಳಲಿಲ್ಲ. ಕೊನೆಗೆ ಸಮರ್ಥ್ ಮುಂದೆ ಬಂದು, “ಅಪ್ಪಾ, ಸಾಹುಕಾರರ ಮನೆಗೆ ಹೋಗೋ ಮೊದ್ಲೇ ಪ್ರೇಕ್ಷಕರಿಗೂ ಟೋಪಿ ಹಾಕಿಬಿಟ್ಯಲ್ಲ!” ಎಂದ. ಸಭೆ ಬಿದ್ದು ಬಿದ್ದು ನಕ್ಕಿತು. ಇದೆಲ್ಲ ನಾಟಕದ ಭಾಗವೇ ಎಂದು ಜನ ತೀರ್ಮಾನಿಸಿದರು. ನನ್ನ ಆಯೇರಿ ಅಲ್ಲೇ ಮಣ್ಣಾಯಿತು.

ದೃಶ್ಯಗಳ ನಡುವೆ ಬಿಡುವು ಸಿಕ್ಕಾಗಲೆಲ್ಲ ಪರದೆಯ ಹಿಂದೆ ಉಂಗುರ ಎಳೆದೆ. ಬರಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದೆ. ಹಲ್ಲು ಅಲ್ಲಾಡಿತು, ಉಂಗುರವಲ್ಲ. ರೈಲ್ವೆಯಲ್ಲಿ ಎಂಥೆಂಥ ಬೋಲ್ಟು ಬಿಚ್ಚಿದ ಕೈ ತನ್ನ ಬೆರಳಿಗೇ ಸೋತಿತು! ಅಷ್ಟರಲ್ಲಿ ಕಡೆಯ ದೃಶ್ಯ.

ಪೊಲೀಸ್ ವೇಷದವನು ಅಬ್ಬರಿಸಿದ: “ಉಂಗುರ ಎಲ್ಲಿ?”

ಕಂಠಪಾಠ ಮಾಡಿದ ಬಾಯಿಗೆ ಬೇರೆ ಮಾತು ಗೊತ್ತಿದ್ದರೆ ತಾನೇ! ಕೈಯೆರಡನ್ನೂ ಎತ್ತಿ ಹಿಡಿದೆ. “ನೋಡ್ರಿ ಸಾಹೇಬ್ರ, ಖಾಲಿ ಕೈ! ಯಾರ ಉಂಗುರನೂ ನನ್ನ ಹತ್ರ ಇಲ್ಲ!” ದೀಪದ ಬೆಳಕಿಗೆ ಉಂಗುರ ರೈಲಿನ ಹೆಡ್‌ಲೈಟಿನಂತೆ ಹೊಳೆಯಿತು.

ಮುಂದಿನ ಸಾಲಿನಿಂದ ಇಂದುಮತಿ ಎದ್ದು ನಿಂತಳು. “ಸುಳ್ಳು! ಅಲ್ಲೇ ಐತಿ! ತವರುಮನಿ ಉಂಗುರ ಬೆರಳಾಗ ಇಟ್ಕೊಂಡು, ಇಷ್ಟು ಮಂದಿ ಮುಂದ ಇಲ್ಲ ಅಂತೀರಲ್ಲಾ, ಎದಿ ಎಷ್ಟು ಗಟ್ಟಿ ಐತ್ರಿ ನಿಮ್ದು!”

ಛಾವಣಿ ಹಾರಿಹೋಗುವಂಥ ಚಪ್ಪಾಳೆ! ಪೊಲೀಸ ಬೇರೆ ದಾರಿ ಕಾಣದೆ ನನಗೆ ಬೇಡಿ ತೊಡಿಸಿದ. ಪಾರಾಗಬೇಕಿದ್ದ ಠಕ್ಕ ಸಿಕ್ಕಿಬಿದ್ದ. ಘೋಷಾಲ್ ಬಾಬು ತಡೆಯಲಾರದೆ ಸ್ಟೇಜ್ ಹತ್ತಿದರು. ಹೆಗಲ ಮೇಲಿನ ಶಾಲು ತೆಗೆದರು. ನಾನು ಬೇಡಿ ಸಮೇತ ಕತ್ತು ಬಗ್ಗಿಸಿದೆ. ಅವರು ನನ್ನನ್ನು ದಾಟಿ, ಇಂದುಮತಿಯನ್ನು ಮೇಲಕ್ಕೆ ಕರೆದು, ಶಾಲು ಹೊದಿಸಿದರು!

“ಬೌದಿ, ಅಪೂರ್ಬೊ! ಪ್ರೇಕ್ಷಕರ ನಡುವೆ ನಟಿಯನ್ನು ಕೂರಿಸಿದ್ದು ಎಂಥ ಯೋಚನೆ!” ಎಂದು ಬಂಗಾಳಿಯಲ್ಲೇ ತಮ್ಮ ‘ಅತ್ತಿಗೆ’ಯನ್ನು ಕೊಂಡಾಡಿದರು.

ಮೊದಲನೇ ಕುರಿ ಹಳ್ಳ ದಾಟಿತು. ಹಿಂದೆಯೇ ಉಳಿದವು. ಬಂಗಾಳದ ಸಂದೇಶ ಮಿಠಾಯಿಯ ಡಬ್ಬಿ ಬಂತು, ರಜನಿಗಂಧದ ಗೊಂಚಲು ಬಂತು, ಸಂಘದ ಖಜಾಂಚಿಯ ಹೆಂಡತಿ ತನ್ನ ಬೆಳ್ಳಿ ಕುಂಕುಮದ ಭರಣಿಯನ್ನೇ ಕೊಟ್ಟಳು. ಸಮರ್ಥ್ ಮೈಕಿನಲ್ಲಿ ಒಬ್ಬೊಬ್ಬರ ಹೆಸರು ಕೂಗಿದ. ನಮ್ಮ ಮನೆತನದ ನಾಲ್ಕನೇ ತಲೆಮಾರಿಗೂ ಆಯೇರಿ ಬಂತು, ಸೊಸೆಯ ಉಡಿಗೆ!

ಮನೆಗೆ ಬರುವಷ್ಟರಲ್ಲಿ ಬೆರಳು ಬದನೆಕಾಯಿಯಾಗಿತ್ತು. ಘೋಷಾಲ್ ಬಾಬು ಸಾಸಿವೆ ಎಣ್ಣೆಯ ಸೀಸೆ ಹಿಡಿದು ಬಂದರು. ಸಮರ್ಥ್ ಲ್ಯಾಪ್‌ಟಾಪ್ ತೆರೆದು, “ಅಂಕಲ್, ದಾರ ಸುತ್ತಿ ತೆಗೆಯೋ ಮೆಥಡ್ ಸಿಕ್ತು!” ಎಂದ. ಇಂದುಮತಿ ಶಾಲು ಹೊದ್ದೇ ಕುಳಿತು, ಸಂದೇಶ ಚಪ್ಪರಿಸುತ್ತ, “ಸುಮ್ನ ಎಣ್ಣಿ ಹಚ್ಚಿಸ್ಕೊಳ್ರಿ, ನನ್ನ ಉಂಗುರ ನನಗ ಬೇಕು,” ಎಂದಳು.

ನಾನು ಊದಿದ ಕೈಯನ್ನು ಎದೆಗೆ ಅವಚಿಕೊಂಡೆ.

“ಬ್ಯಾಡ್ರಿ, ಯಾರೂ ಹತ್ರ ಬರಬ್ಯಾಡ್ರಿ. ನಮ್ಮ ಮನೆತನದಾಗ ಆಯೇರಿ ಬಂದ ಬೆರಳಿಗೆ ಎಣ್ಣಿ ಹಚ್ಚೂ ಪದ್ಧತಿ ಇಲ್ಲ!”